ಹಲ್ಲಿನ ಸಂದಿನಿಂದ ಹುಲ್ಲಿನ ಬಯಲಿಗೆ

ದೊಡ್ಡಉಳ್ಳಾರ್ತಿ ಪಕ್ಕದ ಹಟ್ಟಿಯ ಚಿನ್ನಯ್ಯನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿತ್ತು. ಜೋಳದ ಕಾಳೊಂದು ಆರಾಮಾಗಿ ಕೂರುವಷ್ಟು. ಮದುವೆಯ ದಿನ ಅದನ್ನು ನೋಡಿ ಹೆಂಡತಿ ಲಕ್ಷ್ಮಕ್ಕ ಅತ್ತಿದ್ದಳು. ಆದರೆ ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಮೇಯುವ ಅರವತ್ತೆಂಟು ದೇವರ ಎತ್ತುಗಳಿಗೆ ಆ ಸಂದೇ ಸಂದೇಶ. ನಾಲಿಗೆಯನ್ನು ಅಲ್ಲಿಗೆ ಒತ್ತಿ ಚಿನ್ನಯ್ಯ ಒಂದು ಸಿಳ್ಳೆ ಬಿಟ್ಟರೆ ಸಾಕು, ಮೈಲಿಯಾಚೆಯ ದನ ತಲೆಯೆತ್ತಿ ಸಾಲಾಗಿ ರಾತ್ರಿ ತಂಗುವ ರೊಪ್ಪದ ಕಡೆ ನಡೆಯುತ್ತಿದ್ದವು. ಕೋಲಿಲ್ಲ, ಹಗ್ಗವಿಲ್ಲ, ಬೈಗುಳವೂ ಇಲ್ಲ.

ದೇವರಿಗೆ ಬಿಟ್ಟ ದನ ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಮ್ಯಾಸನಾಯಕರ ಆ ಹಟ್ಟಿಯಲ್ಲಿ ಚಿನ್ನಯ್ಯ ಹನ್ನೊಂದನೇ ವಯಸ್ಸಿಗೇ ಕಿಲಾರಿಯಾದವನು, ಈಗ ಅರವತ್ತೇಳು. ಮನುಷ್ಯರ ಜೊತೆ ಕನ್ನಡ, ದನಗಳ ಜೊತೆ ತೆಲುಗು, ಲಕ್ಷ್ಮಕ್ಕನ ಜೊತೆ ಮೌನ, ಹೀಗೆ ಮೂರು ಭಾಷೆಯಲ್ಲಿ ಪಂಡಿತ. ಕಣ್ಣೆದುರೇ ಬಯಲಿಗೆ ಬೇಲಿ ಬಿತ್ತು, ಗೋಡೆ ಎದ್ದಿತು, ಕಾವಲಿಗೇ ಕಾವಲುಗಾರರು ಬಂದರು. ಚಿನ್ನಯ್ಯ ಸುತ್ತುದಾರಿ ಕಲಿತುಕೊಂಡ. ಅವನನ್ನು ಕೊರೆಯುತ್ತಿದ್ದುದು ಬೇರೆ: ಆ ಸಿಳ್ಳೆಯನ್ನು ಕಲಿಯುವವರೇ ಇರಲಿಲ್ಲ. "ನೀನಿದ್ದೀಯಲ್ಲ ಮಾಮ" ಎಂದು ಹಟ್ಟಿಯ ಹುಡುಗರು ಚಳ್ಳಕೆರೆ ಬಸ್ಸು ಹತ್ತುತ್ತಿದ್ದರು.

ಹಾಗಾಗಿ ವೀರೇಶ್ ಮೇಷ್ಟ್ರ ಫೋನು ಬಂದಾಗ ಅವನ ಎದೆ ಕುಣಿಯಿತು. ಹಟ್ಟಿಯ ಹಿರಿಯರಿಂದ ಮಕ್ಕಳಿಗೆ ಹಳೇ ವಿದ್ಯೆ ಕಲಿಸಲು ಮೇಷ್ಟ್ರು ಬೇಸಿಗೆ ಶಿಬಿರ ಇಟ್ಟುಕೊಂಡಿದ್ದರು. ಆದರೆ ಕಾವಲಿನ ಸಿಗ್ನಲ್ಲು ಕೊಟ್ಟಿದ್ದು ಇಷ್ಟೇ: "ಸೋಮವಾರ... ಶಿಬಿರ ಐತೆ... ಸಿಳ್ಳೆ ಕಲಿಸ್ಬೇಕು... ಮರೀಬ್ಯಾಡ್ರಿ."

ಶಿಬಿರ ಎಂದರೆ ಚಳ್ಳಕೆರೆ. ಚಿನ್ನಯ್ಯನ ಕಣ್ಣಿನ ಪೊರೆ ತೆಗೆದಿದ್ದು ಅಲ್ಲಿನ ಶಿಬಿರದಲ್ಲೇ. ಸೋಮವಾರ ದನ ಹೊಡೆಯುವ ಕೆಲಸವನ್ನು ತಮ್ಮ ಕ್ಯಾತಣ್ಣನಿಗೆ ಒಪ್ಪಿಸಿ, ಬಿಳೀ ಪಂಚೆಯುಟ್ಟು ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಆಟೋ ಓಡಿಸುವ ಅಫ್ಸರ್‌ನನ್ನು ಕೇಳಿದ: "ಶಿಬಿರ ಎಲ್ಲೈತಪ್ಪಾ?"

"ಕಲ್ಯಾಣ ಮಂಟಪದಾಗೆ ಚಾಚಾ. ಕೂತ್ಕಳ್ರಿ, ಬಿಟ್ಟುಬರ್ತೀನಿ."

ಮಂಟಪದ ಬಾಗಿಲ ಮೇಲೆ 'ಉಚಿತ ದಂತ ಶಿಬಿರ' ಎಂದು ಬರೆದಿತ್ತು. ಚಿನ್ನಯ್ಯನಿಗೆ ಓದಲು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಳಗೆ ಒಬ್ಬಳು ಎಳೇ ಡಾಕ್ಟರಮ್ಮ ಅವನನ್ನು ಕುರ್ಚಿಯಲ್ಲಿ ಒರಗಿಸಿ, "ಬಾಯಿ ತೆಗೀರಿ ಅಜ್ಜ" ಎಂದಳು. ಕಲಿಸುವ ಮುಂಚೆ ಸಾಮಾನು ಪರೀಕ್ಷೆ ಮಾಡುತ್ತಾರೆಂದು ಚಿನ್ನಯ್ಯ ಹೆಮ್ಮೆಯಿಂದಲೇ ತೆರೆದ.

"ಈ ಸಂದು ಎಷ್ಟು ವರ್ಷದಿಂದ ಇದೆ?"

"ಹಲ್ಲು ಬಂದಾಗಿಂದ ತಾಯಿ. ಇದರ ಸಲುವಾಗೇ ನನ್ನ ಕರೆಸಿರೋದು."

"ಹೌದಾ! ಹಾಗಾದ್ರೆ ಇವತ್ತೇ ಮುಗಿಸಿಬಿಡೋಣ."

ಮುಗಿಸಿಯೇಬಿಟ್ಟಳು. ಅದೇನೋ ಮೆತ್ತಿ, ನೀಲಿ ಬೆಳಕು ಹಿಡಿದು, ಅರ್ಧ ಗಂಟೆಯಲ್ಲಿ ಕನ್ನಡಿ ಕೊಟ್ಟಳು. ಕನ್ನಡಿಯಲ್ಲಿ ಯಾರೋ ಸಾಹುಕಾರ ನಗುತ್ತಿದ್ದ. ಹೊರಗೆ ಬಂದು ಚಿನ್ನಯ್ಯ ನಾಲಿಗೆ ಒತ್ತಿ ಊದಿದ.

ಫುಸ್.

ಅಷ್ಟರಲ್ಲಿ ವೀರೇಶ್ ಮೇಷ್ಟ್ರ ಫೋನು. "ಎಲ್ಲಿದೀರಾ ಚಿನ್ನಯ್ಯನೋರೇ? ನಿಮ್ಮ ಹಟ್ಟಿ ಹುಣಸೆಮರದ ಕೆಳಗೇ ಮಕ್ಕಳು ಬೆಳಿಗ್ಗೆಯಿಂದ ಕಾಯ್ತಾ ಕುಂತಾವೆ!"

ಅವನು ಹಟ್ಟಿ ಸೇರುವಾಗ ಬಿಸಿಲು ಇಳಿದಿತ್ತು. ಲಕ್ಷ್ಮಕ್ಕ ಅವನ ಬಾಯಿ ನೋಡಿ, "ಮದುವೆ ದಿನ ಹಿಂಗಿದ್ದಿದ್ರೆ ನಾನ್ಯಾಕೆ ಅಳ್ತಿದ್ದೆ!" ಎಂದಳು. ಕ್ಯಾತಣ್ಣ ಬಯಲಿಂದ ಓಡಿಬಂದ. "ಅಣ್ಣಾ, ದನ ಬೇಲಿ ಮಗ್ಗುಲಾಗೆ ನಿಂತಾವೆ. ಎಷ್ಟು ಕೂಗಿದ್ರೂ ನನ್ ಕಡೆ ತಿರುಗಿಯೂ ನೋಡವಲ್ವು. ಒಂದ್ ಸಿಳ್ಳೆ ಹಾಕಣ್ಣ!"

ಚಿನ್ನಯ್ಯ ಹಲ್ಲು ತೋರಿಸಿದ. ಕ್ಯಾತಣ್ಣ ಹಣೆ ಚಚ್ಚಿಕೊಂಡ.

ಆ ದನ ಇವತ್ತಿನವರೆಗೆ ಒಂದು ರಾತ್ರಿಯೂ ರೊಪ್ಪದ ಹೊರಗೆ ಕಳೆದದ್ದಿಲ್ಲ. ಹೊತ್ತು ಮುಳುಗಲು ಇನ್ನು ಒಂದು ತಾಸು. ಚಿನ್ನಯ್ಯ ಮರದ ಕೆಳಗಿನ ಮಕ್ಕಳನ್ನು ಎಣಿಸಿದ: ಮೂವತ್ತೆರಡು, ಸರಿಯಾಗಿ ಒಂದು ಬಾಯಿಗಾಗುವಷ್ಟು.

"ಏಳ್ರಲೇ! ಪಾಠ ಬಯಲಾಗೇ!"

ದಿಬ್ಬದ ಮೇಲೆ ಸಾಲಾಗಿ ನಿಲ್ಲಿಸಿ, ಮಾಡಿ ತೋರಿಸಲಾಗದ್ದನ್ನು ಮೊದಲ ಸಲ ಮಾತಿನಲ್ಲಿ ಹೇಳಿದ. ನಾಲಿಗೆ ತುದಿ ಹಲ್ಲಿಗೆ. ಗಾಳಿ ಹೊಟ್ಟೆಯಿಂದ. ಮೊದಲು ಏರಬೇಕು, ಇನ್ನೂ ಏರಬೇಕು, ಆಮೇಲೆ ಕಲ್ಲು ಬಾವಿಗೆ ಬಿದ್ದ ಹಾಗೆ ಇಳಿಯಬೇಕು. ಕೈಯಲ್ಲಿ ಗಾಳಿಯ ಮೇಲೆ ಬರೆದೂ ತೋರಿಸಿದ. ಮೂವತ್ತೆರಡು ಬಾಯಿಂದ ಮೂವತ್ತೆರಡು ಫುಸ್. ಮೇಷ್ಟ್ರ ಮೋರೆಗೆಲ್ಲ ಎಂಜಲ ಸೋನೆ.

ಇದನ್ನು ನೋಡಿ ಹಿಂದಿನಿಂದ ಒಂದು ಮಗು ಕಿಸಕ್ಕನೆ ನಕ್ಕಿತು. ನಗುವಿನ ಜೊತೆ ಒಂದು ಚೂಪು ಸದ್ದೂ ಬಂತು.

"ಯಾರದು?"

ಶಿಬಿರದ ಪಟ್ಟಿಯಲ್ಲೂ ಚಿನ್ನಯ್ಯನ ಎಣಿಕೆಯಲ್ಲೂ ಇಲ್ಲದ, ಅಕ್ಕನ ಲಂಗ ಹಿಡಿದು ಬಂದಿದ್ದ ಎರಡನೇ ಕ್ಲಾಸಿನ ಪಾಲಮ್ಮ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಪಾಲಮ್ಮನ ಮುಂದಿನ ಎರಡು ಹಾಲುಹಲ್ಲು ಹೋದ ವಾರವಷ್ಟೇ ಬಿದ್ದಿದ್ದವು.

"ನಗಬ್ಯಾಡವ್ವ, ಊದು! ಏರಿಸು... ಏರಿಸು... ಇಳಿಸು!"

ಮೊದಲ ಸಲ ಬರೀ ಗಾಳಿ. ಎರಡನೇ ಸಲ ಸಿಳ್ಳೆ ಏರಿತು, ಇಳಿಯಲಿಲ್ಲ. ದೂರದಲ್ಲಿ ಮುಂದಾಳು ಎತ್ತಿನ ಒಂದು ಕಿವಿ ಅಲ್ಲಾಡಿತು. ಅದರ ಹೆಸರು ಪೆದ್ದೋಡು. ತೆಲುಗಿನವರಿಗೆ ಹಿರಿಯ, ಕನ್ನಡದವರಿಗೆ ನಗೆಪಾಟಲು.

"ಕಿವಿ ಕೊಟ್ಟ ನೋಡು! ಇನ್ನೊಂದ್ಸಲ!"

ಮೂರನೆಯದು ಬಾವಿಗೆ ಬಿದ್ದೇ ಬಿದ್ದಿತು. ಅದರ ಬೆನ್ನಿಗೇ ಚಿನ್ನಯ್ಯ ಗಂಟಲು ಹರಿಯುವಂತೆ ತೆಲುಗಿನಲ್ಲಿ "ದಾ... ದಾ...", ಬಾ ಬಾ ಎಂದು ಕೂಗಿದ. ಪೆದ್ದೋಡು ತಿರುಗಿತು. ಹಿಂದೆ ಒಂದು, ಎರಡು, ಹತ್ತು, ಆಮೇಲೆ ಬರೀ ಧೂಳು. ಮಕ್ಕಳು ಕೇಕೆ ಹಾಕಿದರು. ಕ್ಯಾತಣ್ಣ ಕುಣಿದ. ಪಾಲಮ್ಮ ಮಾತ್ರ ಸಂಭ್ರಮಕ್ಕೆ ಸಿಳ್ಳೆ ನಿಲ್ಲಿಸಲೇ ಇಲ್ಲ. ಅಷ್ಟೂ ದನ ರೊಪ್ಪದ ದಾರಿ ಬಿಟ್ಟು ಅವಳ ಕಡೆಗೇ ಬಂದು ಸುತ್ತುವರಿದಾಗ ಕಿರುಚಿ ಮೇಷ್ಟ್ರ ಹೆಗಲೇರಿದಳು.

ದನವೆಲ್ಲ ಒಳಗಾದ ಮೇಲೆ ಮೇಷ್ಟ್ರು ಬೆವರೊರೆಸಿಕೊಂಡರು. "ನಾಳೆನೇ ಡಾಕ್ಟರ ಹತ್ರ ಹೋಗಿ ಆ ಮೆತ್ತಿರೋದನ್ನ ತೆಗೆಸಿಬಿಡೋಣ."

"ಬ್ಯಾಡ್ರಿ ಮೇಷ್ಟ್ರೇ. ನನ್ನ ಹಲ್ಲಿನ ಸಂದು ತೆರೆದಿರೋ ತನಕ ಇವರ್ಯಾರೂ ಬಾಯಿ ತೆರೀಲಿಲ್ಲ."

"ಆ ಮಗೂಗೂ ಹೊಸ ಹಲ್ಲು ಬರ್ತಾವಲ್ಲೋ ಮಾರಾಯ" ಎಂದಳು ಲಕ್ಷ್ಮಕ್ಕ.

ಚಿನ್ನಯ್ಯ ಮಕ್ಕಳ ಕಡೆ ತಿರುಗಿ, "ಸಂದಿಲ್ದೋರು ಕೈ ತೊಳ್ಕಂಡು ಬರ್ರಿ. ಎರಡು ಬೆರಳು ಮಡಚಿ ಬಾಯಾಗಿಟ್ಟು ನೋಡಣ" ಎಂದ.

ಮತ್ತೆ ಫುಸ್, ಮತ್ತೆ ಎಂಜಲು. ಆ ಗದ್ದಲದ ನಡುವೆ ಎಲ್ಲೋ ಒಂದು ಸಿಳ್ಳೆ ಏರಿ ಇಳಿದಂತಾಗಿ, ರೊಪ್ಪದಲ್ಲಿ ಆಗಷ್ಟೇ ಮಲಗಿದ್ದ ಪೆದ್ದೋಡು ಧಡಕ್ಕನೆ ಎದ್ದು ನಿಂತಿತು. ಚಿನ್ನಯ್ಯ ಎರಡೂ ಕೈಯೆತ್ತಿ, "ತಡೀರಿ, ತಡೀರಿ, ಒಬ್ಬೊಬ್ಬರೇ ಊದ್ರಿ!" ಎನ್ನುತ್ತ ಸಾಲಿನ ಮೊದಲ ಮಗುವಿನ ಬಾಯಿಗೆ ಕಿವಿಯೊಡ್ಡಿದ.