ಕಂಬದ ಕೆಳಗೆ ಆಡಿದ ಸುಳ್ಳು

ನಾನು ಲೈನ್‌ಮನ್. ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ಕರೆಂಟಿನ ಕಂಬ ಹತ್ತಿ ಇಳಿಯುತ್ತ ಹನ್ನೊಂದು ವರ್ಷ ಕಳೆದಿದ್ದೇನೆ. ಹುಟ್ಟಿದ್ದು ಆಳಂದದ ಕಡೆ, ನರೋಣಾಕ್ಕೆ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಅಪ್ಪ ರೊಟ್ಟಿ ಮುರಿಯುವ ಮುಂಚೆ ಕಣ್ಣು ಮುಚ್ಚಿ ಇಷ್ಟುದ್ದ ಪ್ರಾರ್ಥನೆ ಮಾಡುತ್ತಿದ್ದರು. ಪಲ್ಯ ಆರಿಹೋಗುತ್ತದೆ ಎನ್ನುವುದೊಂದೇ ಆಗ ನನ್ನ ಚಿಂತೆ. ನೌಕರಿ ಸಿಕ್ಕ ಮೇಲೆ ದೇವರಿಗೂ ನನಗೂ ಕ್ರಿಸ್‌ಮಸ್ಸಿನ ದಿನದ ಭೇಟಿಯಷ್ಟೇ ಉಳಿಯಿತು. ಅಫಜಲಪುರದಿಂದ ಬಂದ ನನ್ನ ಹೆಂಡತಿ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ನಾನು ಬೈಕಿನಲ್ಲಿ ಗೇಟಿನ ತನಕ ಬಿಟ್ಟು ಬರುತ್ತಿದ್ದೆ.

ನನಗೆ ಈ ಕೆಲಸ ಕಲಿಸಿದವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಐವತ್ತು ದಾಟಿದ ಹಿರಿಯ ಲೈನ್‌ಮನ್. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ಕಂಬ ಹತ್ತುವ ಮುಂಚೆ ಅಂಗಿಯ ಮೇಲಿಂದಲೇ ಲಿಂಗ ಮುಟ್ಟಿಕೊಂಡು, ನನ್ನ ಕಡೆ ತಿರುಗಿ, "ನೀನೂ ನಿಮ್ಮ ಯೇಸಪ್ಪಗ ಒಂದ್ ಮಾತು ಹೇಳೋ ತಮ್ಮಾ" ಎನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ.

ಒಂದು ವರ್ಷ ಮಳೆ ಮೂರು ದಿನ ಬಿಡದೆ ಹೊಡೆದಿತ್ತು. ತೊಗರಿ ಹೊಲದ ನಡುವಿನ ಕಂಬದಲ್ಲಿ ತಂತಿ ಹಿಡಿದಿಡುವ ಪಿಂಗಾಣಿಯ ಇನ್ಸುಲೇಟರ್ ಒಡೆದು ಎರಡು ಊರಿಗೆ ಕರೆಂಟ್ ಇರಲಿಲ್ಲ. ನಾವು ಬೈಕನ್ನು ರಸ್ತೆಯಲ್ಲೇ ಬಿಟ್ಟು ಎರೆಮಣ್ಣಿನಲ್ಲಿ ಕಾಲು ಕಿತ್ತುಕೊಳ್ಳುತ್ತ ನಡೆದೆವು. ಕಂಬದ ಹತ್ತಿರ ಹೋದಾಗ ನನಗೆ ನೆನಪಾಯಿತು: ಅರ್ಥಿಂಗ್ ರಾಡ್ ಬೈಕಿನಲ್ಲೇ ಉಳಿದಿದೆ. ಲೈನ್ ಬಂದ್ ಮಾಡಿಸಿದ ಮೇಲೂ ಆ ರಾಡನ್ನು ತಂತಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಭೂಮಿಗೆ ಊರಬೇಕು. ಎಲ್ಲಿಂದಲಾದರೂ ಕಳ್ಳ ಕರೆಂಟ್ ನುಗ್ಗಿದರೆ ಅದು ಮೇಲಿದ್ದವನನ್ನು ಬಿಟ್ಟು ನೆಲಕ್ಕೆ ಇಳಿಯುತ್ತದೆ. ಅದನ್ನು ಹಾಕುವುದು ಅವತ್ತು ನನ್ನ ಕೆಲಸ.

ಕಾಕಾ ನಾವು ತಂದಿದ್ದ ಹೊಸ ಇನ್ಸುಲೇಟರ್ ಸ್ವಚ್ಛ ಮಾಡುತ್ತ ಬೆನ್ನು ತಿರುಗಿಸಿ ಕೂತಿದ್ದರು. ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿದೆ. ಲೈನ್ ಬಂದ್ ಆಗಿದೆ ಎಂದು ಅಲ್ಲಿಯವರು ಹೇಳಿದರು. ರಸ್ತೆಯ ತನಕ ಹೋಗಿ ಬರುವುದೆಂದರೆ ಆ ಕೆಸರಿನಲ್ಲಿ ಅರ್ಧ ತಾಸು.

"ರಾಡ್ ಹಾಕ್ದೇನೋ?" ಎಂದರು ಕಾಕಾ.

"ಹಾಕೇನ್ರಿ ಕಾಕಾ. ಹತ್ರಿ."

ಅವರು ಹತ್ತಿದರು. ಸೊಂಟದ ಬೆಲ್ಟ್ ಕಂಬಕ್ಕೆ ಕಟ್ಟುವ ಮೊದಲೇ ಒಂದು ಕೈ ತಂತಿಗೆ ತಾಗಿತು. ಚಟ್ ಎಂದು ಒಂದು ಸಣ್ಣ ಸಪ್ಪಳ, ಅಷ್ಟೇ. ಆಮೇಲೆ ಅವರು ಹಸಿ ಎರೆಮಣ್ಣಿನಲ್ಲಿ ಬಿದ್ದಿದ್ದರು. ಬಲಗೈಯಿಂದ ಹೊಗೆ ಬರುತ್ತಿತ್ತು. ಎಲ್ಲೋ ದೂರದ ಊರಿನಲ್ಲಿ ಯಾರೋ ಮನೆಯ ಜನರೇಟರ್ ಹಚ್ಚಿದ್ದರಂತೆ, ಆ ಕರೆಂಟ್ ತಿರುಗಿ ಲೈನಿಗೆ ಬಂದಿತ್ತು. ಅದು ನಮಗೆ ತಿಳಿದದ್ದು ಆಮೇಲೆ.

ನಾನು ಕೂಗಿದೆ. ಪಕ್ಕದ ಹೊಲದವರು ಓಡಿ ಬಂದರು. ಕಾಕಾ ಅವರನ್ನು ಹೊತ್ತು ರಸ್ತೆಗೆ ತಂದು ಒಂದು ಟಂಟಂ ಆಟೋದಲ್ಲಿ ಮಲಗಿಸಿದೆವು. ಉಸಿರಿತ್ತು. "ನೀವು ನಡೀರಿ, ನಾ ಬೈಕ್ ತಗೊಂಡು ಹಿಂದೇ ಬರ್ತೇನಿ" ಎಂದೆ.

ಟಂಟಂ ತಿರುವಿನಲ್ಲಿ ಮರೆಯಾದ ಮೇಲೆ ನಾನು ಬೈಕಿನಿಂದ ರಾಡ್ ಬಿಚ್ಚಿಕೊಂಡೆ. ಅದೇ ಕೆಸರಿನಲ್ಲಿ, ಈ ಸಲ ಓಡುತ್ತ, ಕಂಬದ ಬುಡಕ್ಕೆ ಹೋಗಿ ಅದನ್ನು ಮಣ್ಣಿನಲ್ಲಿ ಹೊರಳಿಸಿ ಅಲ್ಲೇ ಎಸೆದೆ. ಕಾಕಾ ಹತ್ತುವಾಗ ತಾಗಿ ಕಳಚಿ ಬಿದ್ದಂತೆ ಕಾಣಬೇಕಿತ್ತು. ನನ್ನ ಕೈ ಹಿಡಿದು ಕೆಲಸ ಕಲಿಸಿದ ಮನುಷ್ಯ ಟಂಟಂನಲ್ಲಿ ನರಳುತ್ತಿದ್ದಾಗ ನಾನು ಮಾಡಿದ ಕೆಲಸ ಇದು.

ಮರುದಿನ ವಿಚಾರಣೆಗೆ ಬಂದ ಸಾಹೇಬರು ಮಣ್ಣು ಮೆತ್ತಿದ ರಾಡ್ ನೋಡಿ, "ಇದನ್ನ ಹಾಕಿದ್ರೇನು?" ಎಂದರು. "ಹೌದ್ರಿ ಸರ್" ಎಂದೆ. ಅವರು ನಂಬಿದರು.

ಆಮೇಲೆ ಶುರುವಾಯಿತು ಹೆದರಿಕೆ. ಫೋನ್ ರಿಂಗಾದರೆ ಎತ್ತಲು ಹಿಂಜರಿಯುತ್ತಿದ್ದೆ. ನಾನು ಮಣ್ಣಿನಲ್ಲಿ ರಾಡ್ ಹೊರಳಿಸುವುದನ್ನು ಯಾರೋ ಒಬ್ಬ ತೊಗರಿ ಸಾಲಿನಲ್ಲಿ ಕೂತು ನೋಡಿದ್ದಾನೆ ಎಂದು ಬಲವಾಗಿ ಅನ್ನಿಸುತ್ತಿತ್ತು. ಊರಲ್ಲಿ ಯಾರು ದಿಟ್ಟಿಸಿ ನೋಡಿದರೂ ಅವನೇ ಇರಬೇಕು ಎಂದುಕೊಳ್ಳುತ್ತಿದ್ದೆ. ಕಂಬಕ್ಕೆ ಏಣಿ ಒರಗಿಸಿದರೆ ಹತ್ತಲು ಇನ್ನೊಬ್ಬರನ್ನು ಕಳಿಸುತ್ತಿದ್ದೆ.

ಕಾಕಾ ಕಲಬುರಗಿಯ ದವಾಖಾನೆಯಲ್ಲಿದ್ದರು. ಎಂಟು ದಿನ ಏನಾದರೂ ನೆಪ ಹೇಳಿ ಒಂಬತ್ತನೆಯ ದಿನ ಹೋದೆ. ಬಲಗೈಯ ಎರಡು ಬೆರಳು ತೆಗೆದಿದ್ದರು. ಅವರ ಹೆಂಡತಿ ಕಾಕಿ ಎದ್ದು ನನಗೆ ಸ್ಟೂಲ್ ಕೊಟ್ಟಳು. "ನೀ ಇದ್ದಿ ಅಂತ ಇವ್ರು ಉಳದಾರಪ್ಪ" ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಾಕಾ ಮೆಲ್ಲಗೆ ಹೇಳಿದರು: "ತಮ್ಮಾ, ನಾಳೆ ಮತ್ತ ಆಪರೇಷನ್ ಅದ. ನಂಗ ಅಂಜಿಕಿ ಆಗ್ಯದ. ನಿಮ್ಮ ದೇವ್ರಿಗೆ ಒಂದು ಪ್ರಾರ್ಥನಾ ಮಾಡೋ."

ನಾನು ಕೈ ಜೋಡಿಸಿ ಕಣ್ಣು ಮುಚ್ಚಿದೆ. 'ಕರ್ತನೇ' ಎಂಬಲ್ಲಿಗೆ ನಾಲಗೆ ನಿಂತಿತು. ಕಣ್ಣು ಮುಚ್ಚಿದ ಕತ್ತಲಲ್ಲಿ ಒಬ್ಬನು ನನ್ನ ಎದುರಿಗೇ ನಿಂತು ಕಾಯುತ್ತಿದ್ದಾನೆ ಎಂದು ಅನ್ನಿಸಿತು. ಇಷ್ಟು ವರ್ಷ ದೇವರು ಇದ್ದಾನೋ ಇಲ್ಲವೋ ಎಂದು ಕೇಳಿಕೊಂಡವನಲ್ಲ ನಾನು. ಆ ಗಳಿಗೆಯಲ್ಲಿ ಅವನು ಇದ್ದಾನೆ ಎಂದು ತಿಳಿಯಿತು, ತಿಳಿದು ಹೆದರಿದೆ. ಎದ್ದು ಹೊರಗೆ ಬಂದುಬಿಟ್ಟೆ. ಅಳು ತಡೆಯಲಿಕ್ಕಾಗಲಿಲ್ಲ ಎಂದು ಅವರು ತಿಳಿದುಕೊಂಡರಂತೆ.

ಆ ಭಾನುವಾರ ಗೇಟಿನಲ್ಲಿ ಬೈಕ್ ನಿಲ್ಲಿಸಿ ನಾನೂ ಒಳಗೆ ಹೋದೆ. ಹೆಂಡತಿ ಬೆರಗಾಗಿ ನೋಡಿದಳು. ಅವತ್ತು ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ ಹಂಚಿ ತಿನ್ನುವ ದಿನ. ರೊಟ್ಟಿಯ ತಟ್ಟೆ ಎತ್ತುವ ಮುಂಚೆ ಪಾಸ್ಟರ್ ಹೇಳಿದ ಮಾತು ಹೀಗಿತ್ತು: ಯಾರಿಗಾದರೂ ಅನ್ಯಾಯ ಮಾಡಿ ಇಲ್ಲಿಗೆ ಬಂದಿದ್ದರೆ, ಮೊದಲು ಅವರ ಮನೆಗೆ ಹೋಗಿ ಬರ್ರಿ, ದೇವರು ಎಲ್ಲಿಗೂ ಹೋಗೋದಿಲ್ಲ, ಕಾಯ್ತಾನ. ತಟ್ಟೆ ನನ್ನ ಸಾಲಿಗೆ ಬಂತು. ಕೈ ಮೇಲೇಳಲಿಲ್ಲ. ಪಕ್ಕದವರಿಗೆ ದಾಟಿಸಿಬಿಟ್ಟೆ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: "ಏನ್ ಮಾಡೀರಿ? ಖರೇ ಹೇಳ್ರಿ."

ಹೇಳಿದೆ. ರಾಡ್ ಹೊರಳಿಸಿದ್ದನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ಕೂತಳು. ಆಮೇಲೆ, "ನೌಕರಿ ಹೋಗ್ತದೇನ್ರಿ?" ಎಂದಳು.

"ಹೋಗಬಹುದು."

"ನಂಗೂ ಅಂಜಿಕಿ ಬರಾಕತ್ತದ. ಆದ್ರ ಇದನ್ನ ಇಟ್ಕೊಂಡು ಮನ್ಯಾಗ ಹೆಂಗ ಇರೋದು? ಹೋಗಿ ಬರ್ರಿ."

ಎರಡನೆಯ ಆಪರೇಷನ್ ಮುಗಿದು ಕಾಕಾ ಅಂದೋಲಾದ ಕಡೆಯ ತಮ್ಮ ಊರಿಗೆ ಬಂದ ಮೇಲೆ ಹೊರಟೆ. ಬೈಕಿನಲ್ಲಿ ಹೋಗುವಾಗ ಮೂರು ಸಲ ನಿಲ್ಲಿಸಿದೆ. ಮೂರನೆಯ ಸಲ ಒಂದು ಬೇವಿನ ಗಿಡದ ಕೆಳಗೆ, ಜೋರಾಗಿಯೇ, "ಅಪ್ಪಾ, ನನಗೆ ಭಯವಾಗಿದೆ. ನಾನು ಸುಳ್ಳುಗಾರ. ಜೊತೆಗೆ ಬಾ" ಎಂದೆ. ನನ್ನ ಜೀವನದಲ್ಲಿ ನಾನಾಗಿ ಮಾಡಿದ ಮೊದಲ ಪ್ರಾರ್ಥನೆ ಅದು. ಹೆದರಿಕೆ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಆದರೆ ಬೈಕ್ ತಿರುಗಿಸಲಿಲ್ಲ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನಿಂತುಕೊಂಡೇ ಹೇಳಿದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸಪ್ಪಳ ನಿಂತಿತು, ಕಾಕಿಯೂ ಕೇಳಿಸಿಕೊಂಡಿದ್ದಳು.

ಕಾಕಾ ತಮ್ಮ ಕೈಯ ಬ್ಯಾಂಡೇಜ್ ನೋಡುತ್ತ ಕೂತರು. ಕೊನೆಗೆ ಹೇಳಿದರು: "ಮೂವತ್ತು ವರ್ಷ ಎಲ್ಲಾರಿಗೂ ಹೇಳೇನಿ, ಕಣ್ಣಿಲೆ ನೋಡಿ ಹತ್ರಿ ಅಂತ. ಅವತ್ತು ನಾ ನೋಡ್ಲಿಲ್ಲ. ನೀ ಅಂದಿ ಅಂತ ಹತ್ತಿದೆ." ಮುಖ ತಿರುಗಿಸಿದರು. "ಈಗ ಹೋಗು. ನಂಗ ಸಿಟ್ಟು ಬರಾಕತ್ತದ. ಹೋಗು."

ಕಾಕಿ ಹೊರಗೆ ಬರಲಿಲ್ಲ. ಒಳಗಿನಿಂದ ಕದ ಮುಚ್ಚಿದ ಸಪ್ಪಳ ಕೇಳಿತು.

ಅಲ್ಲಿಂದ ಸೀದಾ ಆಫೀಸಿಗೆ ಹೋಗಿ ಸಾಹೇಬರ ಮುಂದೆ ಬರೆದುಕೊಟ್ಟೆ. ಅಮಾನತ್ತಾಯಿತು. ಜೊತೆಯವರಲ್ಲಿ ಕೆಲವರು ನನ್ನನ್ನು ಹುಚ್ಚ ಎಂದರು, ಕೆಲವರು ಮಾತು ಬಿಟ್ಟರು. ಏಳು ತಿಂಗಳು ಮನೆಯಲ್ಲಿದ್ದೆ. ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಪಕ್ಕ ಕೂತು ದೇವರೊಡನೆ ಮಾತಾಡುವುದು ಅಭ್ಯಾಸವಾಯಿತು. ಚಂದದ ಮಾತು ನನಗೆ ಬರುವುದಿಲ್ಲ. ಇವತ್ತು ಯಾವುದಕ್ಕೆ ಹೆದರಿದ್ದೇನೆ ಎಂದು ಹೇಳುತ್ತಿದ್ದೆ: ನೌಕರಿ ಹೋಗುತ್ತದೆಂದು, ಕಾಕಾ ಎಂದೂ ಕ್ಷಮಿಸುವುದಿಲ್ಲವೆಂದು, ಮತ್ತೆ ಕಂಬ ಹತ್ತಬೇಕಾಗುತ್ತದೆಂದು. ಹೇಳಿ ಮುಗಿಸುವಷ್ಟರಲ್ಲಿ ಕೆಲವು ದಿನ ಉಸಿರು ಸಲೀಸಾಗುತ್ತಿತ್ತು, ಕೆಲವು ದಿನ ಇಲ್ಲ. ಆದರೂ ದವಾಖಾನೆಯಲ್ಲಿ ನನ್ನ ಎದುರು ನಿಂತವನು ಅಲ್ಲೇ ಎಲ್ಲೋ ಹತ್ತಿರ ಕೂತಿದ್ದಾನೆ ಎಂಬುದು ಮಾತ್ರ ಬರಬರುತ್ತ ಗಟ್ಟಿಯಾಯಿತು. ಮುಂದಿನ ಸಲ ಕರ್ತನ ಭೋಜನದಲ್ಲಿ ನಾನೂ ರೊಟ್ಟಿ ತೆಗೆದುಕೊಂಡೆ.

ಶಿಕ್ಷೆ ಕೊಟ್ಟು, ಬೇರೆ ಸೆಕ್ಷನ್ನಿಗೆ ಹಾಕಿ, ಕೆಲಸಕ್ಕೆ ಮರಳಿ ತೆಗೆದುಕೊಂಡರು. ಕಾಕಾ ಈಗ ಆಫೀಸಿನಲ್ಲಿ ಕೂತು ಎಡಗೈಯಲ್ಲಿ ದೂರು ಬರೆದುಕೊಳ್ಳುತ್ತಾರೆ. ಹೋದ ತಿಂಗಳು ಅವರೇ ಫೋನ್ ಮಾಡಿದರು. "ಐತವಾರ ಊಟಕ್ಕ ಬಾ. ಮನ್ಯಾಕಿನ್ನೂ ಕರಕೊಂಡು ಬಾ" ಎಂದು ಇಟ್ಟುಬಿಟ್ಟರು.

ಆ ಹೊಸ್ತಿಲ ಮುಂದೆ ಚಪ್ಪಲಿ ಬಿಡುವಾಗ ಹೆದರಿದಷ್ಟು ಯಾವ ಕಂಬದ ಮೇಲೂ ನಾನು ಹೆದರಿಲ್ಲ. ಕಾಕಾ ಮಳೆಯ ಬಗ್ಗೆ, ಊರಿನ ಶಾಲೆಯ ಬಗ್ಗೆ ಮಾತಾಡಿದರು. ಕಾಕಿ ನನ್ನ ಹೆಂಡತಿಯ ಜೊತೆ ಮಾತಾಡಿದಳು, ನನ್ನ ಕಡೆ ನೋಡಲಿಲ್ಲ. ಆದರೆ ತಟ್ಟೆ ಖಾಲಿಯಾದಾಗ ಬಂದು ಇನ್ನೊಂದು ರೊಟ್ಟಿ ಹಾಕಿದಳು. ಸಾಕು ಎನ್ನಲು ನನಗೆ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಪೂರ್ತಿ ತಿಂದೆ.