ಕೇಳದೆ ಬಿಟ್ಟ ಒಂದು ಪ್ರಶ್ನೆ

ಗಂಗಕ್ಕ, ನಿಮ್ಮೂರಿನಲ್ಲಿ ಮಕ್ಕಳೇ ಹುಟ್ಟುವುದಿಲ್ಲ ಎಂದು ಸರ್ಕಾರ ನಂಬುವಂತೆ ಮಾಡಿದವಳು ನಾನು. ಬೇಕೆಂದೇ ಮಾಡಿದೆ. ಮಾಡುವಾಗ ಖುಷಿಯೂ ಆಗುತ್ತಿತ್ತು—ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ.

ನಿಮಗೆ ನಾನು ಸಾವಿತ್ರಿಯ ತಂಗಿ. ಶಿರಸಿಯ ಆಸ್ಪತ್ರೆಯೊಂದರಲ್ಲಿ ಜನನ-ಮರಣ ನೋಂದಣಿಯ ಕಿಟಕಿಯ ಹಿಂದೆ ಕೂರುವವಳು. ಸಿದ್ದಾಪುರದ ಕಡೆಯಿಂದ, ಯಲ್ಲಾಪುರದ ಕಡೆಯಿಂದ ಬಸುರಿಯರು ಹೆರಿಗೆಗೆ ಅಲ್ಲಿಗೇ ಬರುತ್ತಾರೆ. ಮಗು ಹುಟ್ಟಿದ ಮೇಲೆ ಮನೆಯವರನ್ನು ಕೇಳಿ ವಿವರ ತುಂಬುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿ ಕೊಟ್ಟ ಮೇಡಂ ಹೇಳಿದ್ದರು—"ಇದು ಬರೀ ಸರ್ಟಿಫಿಕೇಟ್ ಕೊಡೋ ಕೆಲಸ ಅಂದ್ಕೋಬೇಡಿ. ಯಾವ ಊರಲ್ಲಿ ಎಷ್ಟು ಮಕ್ಕಳು ಅಂತ ನೋಡ್ಕೊಂಡೇ ಲಸಿಕೆ, ನರ್ಸು, ಅಂಗನವಾಡಿ ಎಲ್ಲ ಹಂಚೋದು. ಮಗು ಎಲ್ಲಿ ಹುಟ್ಟಿತು ಅನ್ನೋದು ನಮಗೆ ಗೊತ್ತೇ ಇದೆ. ಎಲ್ಲಿ ಬೆಳೆಯುತ್ತೆ ಅನ್ನೋದನ್ನ ಕೇಳಿ." ಅವರ ಮಾತನ್ನು ನಾನು ಚೆನ್ನಾಗಿಯೇ ಕಲಿತೆ. ಕಲಿತದ್ದನ್ನು ಯಾವುದಕ್ಕೆ ಬಳಸಿದೆ ಎಂಬುದೇ ಈ ಬರಹ.

ಅಕ್ಕನ ವಿಷಯ ನಿಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನನ್ನ ಸಿಟ್ಟು ಅಲ್ಲಿಂದಲೇ ಶುರು. ನಿಮ್ಮೂರಿನ ಲಾರಿ ಡ್ರೈವರನ ಕೈ ಹಿಡಿದು ಅವಳು ನಿಮ್ಮ ಪಕ್ಕದ ಮನೆಗೆ ಬಂದಳು. ಮದುವೆ ನೋಂದಣಿ ಮಾಡಿಸಲಿಲ್ಲ—ನಮ್ಮಲ್ಲಿ ಯಾರು ಮಾಡಿಸುತ್ತಾರೆ? ಊರು ಉಂಡಿತು, ಅದೇ ಸಾಕ್ಷಿ ಎಂದುಕೊಂಡೆವು. ಮಕ್ಕಳಾಗಲೆಂದು ಗಂಡ ಹೆಂಡತಿ ಚಂದಗುಳಿಗೆ ಹೋಗಿ ಗಣಪತಿಗೆ ಗಂಟೆ ಕಟ್ಟುವ ಹರಕೆಯನ್ನೂ ಹೊತ್ತು ಬಂದಿದ್ದರು. ಮಕ್ಕಳಾಗುವ ಮೊದಲೇ ಭಾವ ಘಟ್ಟದಲ್ಲಿ ಲಾರಿ ಮಗುಚಿ ಸತ್ತ.

ಆಮೇಲೆ ಗ್ರಾಮ ಲೆಕ್ಕಿಗರು ವಂಶವೃಕ್ಷಕ್ಕಾಗಿ ಪಂಚನಾಮೆ ಮಾಡಲು ಬಂದರು. ಗದ್ದೆಯಲ್ಲಿ ಪಾಲು ಕೇಳಿಯಾಳು ಎಂಬ ಹೆದರಿಕೆಗೆ ಅಕ್ಕನ ಮಾವ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಹೇಳಿದ, "ನಮ್ಮ ಹುಡುಗಂಗೆ ಮದ್ವೆ ಆಗ್ಲೇ ಇಲ್ಲ. ಯಾರೋ ಬಂದು ಉಳ್ಕಂಡಿತ್ತು." ನಾನು ಮೊಬೈಲಿನಲ್ಲಿ ಫೋಟೋ ತೋರಿಸಿದರೆ, "ಫೋಟೋದಾಗೆ ಯಾರು ಬೇಕಾದ್ರೂ ನಿಲ್ತಾರೆ" ಎಂದ. ಮದುವೆಯಲ್ಲಿ ಎಲೆಯ ಮುಂದೆ ಕೂತು ಹೋಳಿಗೆ ಇನ್ನೊಂದು ಹಾಕಿ ಎಂದವರೆಲ್ಲ ಅಂದು ನೆಲ ನೋಡುತ್ತ ನಿಂತರು. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಸತ್ತವನಿಗೆ ಹೆಂಡತಿ ಇರಲಿಲ್ಲ ಎಂದು ಊರಿಗೆ ಊರೇ ಸಹಿ ಹಾಕಿತು.

ನೀವು ಹಾಕಲಿಲ್ಲ. "ನಾನು ಆ ಮದ್ವೆ ಊಟ ಉಂಡಿದ್ದೆ. ಸುಳ್ಳು ಹೇಳೂಕೆ ನನ್ನ ಕೈಲಾಗೂದಿಲ್ಲ" ಎಂದು ಎದ್ದು ಹೋದಿರಿ. ದಿಕ್ಕು ತೋಚದೆ ನಿಂತಿದ್ದ ಅಕ್ಕನನ್ನು ನಿಮ್ಮ ಮನೆಗೆ ಕರೆದೊಯ್ದು ಗಂಜಿ ಕುಡಿಸಿದಿರಿ. ಇದೆಲ್ಲ ನನಗೆ ಗೊತ್ತಿತ್ತು, ಗಂಗಕ್ಕ. ಗೊತ್ತಿದ್ದೂ...

ಅಂದಿನಿಂದ ನಮ್ಮ ಮನೆಯಲ್ಲಿ ನಿಮ್ಮೂರಿನ ಹೆಸರು ಎತ್ತುವುದಿಲ್ಲ. 'ಆ ಊರು' ಎನ್ನುತ್ತೇವೆ. ಅಕ್ಕ ನನ್ನ ಜೊತೆಯೇ ಇದ್ದು ಹೊಲಿಗೆ ಮಾಡುತ್ತಾಳೆ, ಹೊಲಿಯುತ್ತ ಹೊಲಿಯುತ್ತ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾಳೆ. ಅದನ್ನು ನೋಡಿದಾಗೆಲ್ಲ ನಾನು ಹಲ್ಲು ಕಡಿಯುತ್ತಿದ್ದೆ. ಊರವರೇ, ಕಾಗದದಲ್ಲಿ ನನ್ನ ಅಕ್ಕ ಇಲ್ಲವೆಂದಿರಲ್ಲ, ನಿಮ್ಮನ್ನೂ ಕಾಗದದಲ್ಲಿ ಇಲ್ಲವಾಗಿಸುತ್ತೇನೆ—ಹೀಗೆ ಅಂದುಕೊಳ್ಳುವಾಗ ಎದೆಯಲ್ಲಿ ಎಂಥದೋ ಹಿತ.

ದಾರಿ ತಾನಾಗಿಯೇ ಸಿಕ್ಕಿತು. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರಲ್ಲ, "ಯಾವ ಊರು?" ಎಂದರೆ ತವರೂರನ್ನೇ ಹೇಳುತ್ತಾರೆ. ಕೂಡಲೇ ಇನ್ನೊಂದು ಮಾತು ಕೇಳಬೇಕು—"ಅದು ತವರಲ್ವಾ, ಗಂಡನ ಮನೆ ಎಲ್ಲಿ?" ಎಲ್ಲರನ್ನೂ ಕೇಳುತ್ತಿದ್ದೆ. ಹುಲಗೋಳದವರನ್ನು ಕೇಳಿದೆ, ಬನವಾಸಿಯವರನ್ನು ಕೇಳಿದೆ. ಹೊರಗೆ ಬೆಂಚಿನ ಮೇಲೆ ನಿಮ್ಮೂರಿನ ಗಂಡಸು ಕೂತಿದ್ದರೆ ಮಾತ್ರ ಕೇಳಲಿಲ್ಲ. ಅವರ ಮುಖಗಳನ್ನು ನಾನು ಮರೆಯುವುದುಂಟೇ! ಕಟ್ಟೆಯ ಹತ್ತಿರ ನೆಲ ನೋಡುತ್ತ ನಿಂತವರೇ, ಇಲ್ಲವೇ ಅವರ ಮಕ್ಕಳು. ಅವರ ಹೆಂಡಿರು ತವರೂರು ಹೇಳಿದರು, ನಾನು ಅದನ್ನೇ ತಾಯಿ ವಾಸವಿರುವ ಊರೆಂದು ತುಂಬಿದೆ. ಹೇಳಿದ್ದನ್ನೇ ಬರೆದೆ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಮರೆತೆ ಎನ್ನಬಹುದಿತ್ತೇನೋ. ಎರಡನೆಯ ಹೆರಿಗೆಗೆ ಗಂಡನ ಮನೆಯಿಂದಲೇ ಬಂದವರನ್ನು "ತವರು ಯಾವುದು?" ಎಂದು ನಾನಾಗಿಯೇ ಕೇಳಿ ಅದನ್ನು ತುಂಬಿದೆ. ನಗುನಗುತ್ತ ಕೇಳಿದೆ. ಮಗುವಿನ ಕೆನ್ನೆ ಮುಟ್ಟಿ "ಯಾರ ಹಂಗಿದೆ ಇದು?" ಎಂದೆ. ಸಂಜೆ ಮನೆಗೆ ಬರುವಾಗ ಹೊಟ್ಟೆ ತಣ್ಣಗಿರುತ್ತಿತ್ತು.

ವರ್ಷಗಳು ಕಳೆದವು. ನಿಮ್ಮೂರಿನ ಮಕ್ಕಳೆಲ್ಲ ಬೇರೆ ಬೇರೆ ಊರುಗಳ ಲೆಕ್ಕಕ್ಕೆ ಸೇರಿಹೋದರು. ಆರೋಗ್ಯ ಉಪಕೇಂದ್ರದ ನರ್ಸನ್ನು ಅಲ್ಲಿಂದ ಬೇರೆ ಕಡೆ ಹಾಕಿದರು ಎಂಬ ಸುದ್ದಿ ಬಂತು. "ಇಲ್ಲಿ ಬಸುರಿಯರಿದ್ದಾರೆ" ಎಂದು ಆಕೆ ಹೇಳಿದರಂತೆ, ಮೇಲಿನವರು ನೋಂದಣಿ ತೋರಿಸಿ ಬಾಯಿ ಮುಚ್ಚಿಸಿದರಂತೆ. ಆ ದಿನ ನಾನು ಪೇಟೆಯಿಂದ ಜಿಲೇಬಿ ತಂದೆ. ಯಾಕೆ ಎಂದು ಅಕ್ಕ ಕೇಳಿದಳು. ಸುಮ್ಮನೆ ಎಂದೆ. ಅವಳು ತಿಂದಳು, ಪಾಪ.

ನಿಮ್ಮ ಸೊಸೆಗೆ ಚೊಚ್ಚಲಿನಲ್ಲಿ ಬಸುರಿನ ನಂಜೇರಿತ್ತೆಂದೂ, ಆ ನರ್ಸೇ ರಕ್ತದೊತ್ತಡ ನೋಡಿ ಮೊದಲೇ ಆಸ್ಪತ್ರೆಗೆ ಕಳಿಸಿ ಉಳಿಸಿದ್ದರೆಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಲ್ಲಿಸುತ್ತಿದ್ದೆನೇ? ಹೌದು ಎನ್ನಲು ಮನಸ್ಸು ಬರುತ್ತದೆ. ಆದರೆ...

ಈ ಸಲ ನೋಡುವವರು ಯಾರೂ ಇರಲಿಲ್ಲ. ಕಾಲು ಬಾತದ್ದನ್ನು ನೀವು ಬಸುರಿಯ ಮಾಮೂಲಿ ಬಾವು ಎಂದುಕೊಂಡಿರಿ. ದಿನ ತುಂಬುವ ಮೊದಲೇ ನೋವು ಬಂದು, ಜೀಪು ಸಿಕ್ಕುವಷ್ಟರಲ್ಲಿ ತಡವಾಗಿ, ಶಿರಸಿಯ ದಾರಿಯಲ್ಲೇ ಹೆರಿಗೆಯಾಯಿತು. ಸೊಸೆ ಉಳಿದಳು. ಹೆಣ್ಣುಮಗು ಆಸ್ಪತ್ರೆಗೆ ಬಂದ ಮೇಲೆ ಸ್ವಲ್ಪ ಹೊತ್ತು ಉಸಿರಾಡಿತು.

ಅಂಥ ಮಗುವಿಗೆ ಜನನವನ್ನೂ ಬರೆಯಬೇಕು, ಮರಣವನ್ನೂ ಬರೆಯಬೇಕು. ಅದಕ್ಕೇ ಮರುದಿನ ನೀವು ನನ್ನ ಕಿಟಕಿಗೆ ಬಂದಿರಿ. ತಲೆ ಎತ್ತಿದೆ. ನೀವು! ಓಡಿಹೋಗೋಣ ಎನಿಸಿತು. ಹೆಸರು ಕೇಳಿದೆ, ಇನ್ನೂ ಇಟ್ಟಿರಲಿಲ್ಲ ಎಂದಿರಿ. ಆಮೇಲೆ ಅಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆಯನ್ನು ನಿಮ್ಮೂರಿನವರಿಗೆ ಮೊದಲ ಸಲ ಕೇಳಿದೆ.

"ಗಂಡನ ಮನೆ... ಯಾವ ಊರು?"

ನೀವು ನನ್ನ ಮುಖ ನೋಡಿದಿರಿ. "ಎಂತ ಕೇಳ್ತೀಯೆ ತಂಗಿ, ಗೊತ್ತಿಲ್ವನೇ ನಿಂಗೆ? ನಿನ್ನ ಅಕ್ಕನ ಊರೇ."

ಇಡೀ ಊರು ಇಲ್ಲವೆಂದ ಮಾತನ್ನು ನೀವು ಹಾಗೆ ಸಲೀಸಾಗಿ ಹೇಳಿದಿರಿ. ನನಗೆ ಅಳು ಬಂತು. ಮಗುವಿಗಾಗಿ ಅಳುತ್ತಿದ್ದೇನೆಂದು ನಿಮಗೆ ಮರುಕ. ಕಿಟಕಿಯೊಳಗೆ ಕೈ ಚಾಚಿ ನನ್ನ ಕೈ ಹಿಡಿದಿರಿ. "ನಮ್ಮೂರಾಗೆ ಮಕ್ಳೇ ಹುಟ್ಟೂದಿಲ್ಲ ಅಂದ್ಕಂಡು ನರ್ಸಮ್ಮನ್ನ ತೆಗೆದ್ರು ತಂಗಿ. ಇದು ಹುಟ್ಟಿತ್ತಲ್ಲೆ. ಸರಿಯಾಗಿ ಬರ್ಕೋ."

ಬರೆದೆ. ನಿಮ್ಮೂರಿನ ಹೆಸರನ್ನು ತಾಯಿ ವಾಸವಿರುವ ಊರೆಂದು ನಾನು ನೆಟ್ಟಗೆ ಬರೆದ ಮೊದಲ ಮಗು ಅದು. ಅದು ಸತ್ತಿತ್ತು.

ಅಕ್ಕನಿಗೆ ಅಂದೇ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. "ಗಂಗಕ್ಕನ ಮನೆಗೇ ಮಾಡಿದ್ಯಲ್ಲೆ. ನಂಗೆ ಆ ಊರಾಗೆ ಇದ್ದದ್ದು ಅದೊಂದೇ ಮನೆ" ಎಂದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಒಂದು ಮಾತು ಬಚ್ಚಿಡುವುದಿಲ್ಲ. ಸಹಿ ಹಾಕಿದವರ ಮೇಲಿನ ನನ್ನ ಸಿಟ್ಟು ಆರಿಲ್ಲ. ಅಕ್ಕನ ಮಾವನನ್ನು ಇಂದು ಕಂಡರೂ ಕೈ ಬಿಗಿಯುತ್ತದೆ. ಆದರೆ ಅವನಿಗೆ ನಾನು ಮಾಡಿದ್ದಾದರೂ ಏನು? ಅವನ ಮನೆಯಲ್ಲಿ ಬಸುರಿಯರಿರಲಿಲ್ಲ. ಅವನು ನೆಟ್ಟಗಿದ್ದಾನೆ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಾನೆ. ನನ್ನ ಸೇಡು ಅವನ ಮನೆಯನ್ನು ದಾಟಿ ನಿಮ್ಮ ಮನೆಗೆ ಬಂತು.

ಮಾಡಿದ್ದೆಲ್ಲವನ್ನೂ ಬರೆದು ಮೇಲಧಿಕಾರಿಗೆ ಕೊಟ್ಟಿದ್ದೇನೆ. ಯಾವ ಮಕ್ಕಳು ನಿಮ್ಮೂರಿನವೆಂದು ನೆನಪಿದ್ದಷ್ಟನ್ನೂ ಹೇಳಿದ್ದೇನೆ. ಕೆಲಸ ಹೋಗುತ್ತದೆ, ಕೇಸೂ ಆಗಬಹುದು, ಆಗಲಿ. ತಿದ್ದಿದ ಮೇಲೆ ನರ್ಸು ಮರಳಿ ಬರುತ್ತಾರೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಅಧಿಕಾರಿ ನನ್ನನ್ನು ಕರೆಸಿ, "ಯಾಕಮ್ಮಾ ಹೀಗೆ ಮಾಡಿದೆ?" ಎಂದು ಕೇಳಿದರು. ಅಕ್ಕನ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದನ್ನು ನೆಪ ಮಾಡಿಕೊಳ್ಳಲು ಅಕ್ಕನೂ ಒಪ್ಪುವುದಿಲ್ಲ.

ನಾಳೆ ನಿಮ್ಮೂರಿಗೆ ಬರುತ್ತೇನೆ, ಗಂಗಕ್ಕ. ಅದೇ ಕಟ್ಟೆಯ ಎದುರು ನಿಂತು ಎಲ್ಲರೂ ಕೇಳುವಂತೆ ಹೇಳಿ, ಆಮೇಲೆ ನಿಮ್ಮ ಅಂಗಳಕ್ಕೆ ಬರುತ್ತೇನೆ. ಒಳಗೆ ಕರೆಯಬೇಡಿ. ಗಂಜಿ ಕೊಡಬೇಡಿ. ನಿಮ್ಮ ಸೊಸೆ ಬಾಗಿಲಿಗೆ ಬಂದು, ಯಾರು ನೀನು ಎಂದು ಕೇಳಲಿ. ಹೇಳುತ್ತೇನೆ.