ಗೋಡೆಗೆ ಹೇಳಿದ ಸ್ತುತಿ

ಹೆಬ್ಬಾತಿನ ಪುಕ್ಕ ಬಿಡಿಸಿ ಊರಿನ ಮದುವಣಗಿತ್ತಿಯರಿಗೆಲ್ಲ ದಿಂಬು ತುಂಬಿಕೊಡುವ ಫ್ರಾದ್ಲ್‌ಗೆ ಎಲ್ಲವೂ ದೇವರ ಚಿತ್ತ. ಬೀಟ್‌ರೂಟ್ ಸಾರು ಸೀದರೆ ಅವನ ಚಿತ್ತ, ಗಲೀಷಿಯಾದ ಹಿಮಕ್ಕೆ ಬಾಗಿಲು ಕಚ್ಚಿಕೊಂಡರೆ ಅವನ ಚಿತ್ತ. ಬೆಕ್ಕು ಸೀನಿದರೂ ಅವನನ್ನು ಕೇಳಿಯೇ ಸೀನಿರುತ್ತದೆ. "ನಿನ್ನ ಗಂಡ ಓಡಿಹೋದದ್ದೂ ಅವನ ಚಿತ್ತವೇನೇ?" ಎಂದು ಪಕ್ಕದ ಮನೆಯ ಶಿಫ್ರಾ ಕೆಣಕಿದರೆ, "ಓಡಿಸಿದ್ದು ಅವನು, ಓಡಿದ್ದು ಇವನು. ಒಲೆ ಊದೋಕೆ ಮಾತ್ರ ಇಬ್ಬರೂ ಬರಲ್ಲ ಕಣೇ!" ಎಂದು ನಗುತ್ತಾಳೆ. ಯಾರ ಸ್ತುತಿ ಕಿವಿಗೆ ಬಿದ್ದರೂ ಆಮೆನ್, ಅಂದರೆ ಹಾಗೇ ಆಗಲಿ, ಎನ್ನಬೇಕು ಎಂಬುದು ಯೆಹೂದಿಗಳ ಕಟ್ಟಳೆ. ಹಾಗಾಗಿ ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ತೆಳುಗೋಡೆಯ ಆಚೆ ಶಿಫ್ರಾಳ ಗಂಡ ಗೆಟ್ಸ್ಲ್, "ನನ್ನನ್ನು ಹೆಂಗಸಾಗಿ ಹುಟ್ಟಿಸದ ದೇವರೇ, ನಿನಗೆ ಸ್ತುತಿ" ಎಂದಾಗಲೂ, ಹಾಲು ಕಾಯಿಸುತ್ತ ನಿಂತ ಫ್ರಾದ್ಲ್ ತಪ್ಪದೆ ಆಮೆನ್ ಎನ್ನುತ್ತಾಳೆ. ಆಮೇಲೆ ಅದೇ ಪ್ರಾರ್ಥನೆಯಲ್ಲಿ ಆ ಸಾಲಿನ ಬದಲು ಹೆಂಗಸರ ಪಾಲಿಗೆ ಬಂದ ಸಾಲನ್ನು ಗೋಡೆಗೆ ಮುಖಮಾಡಿ, ಗೆಟ್ಸ್ಲ್‌ಗಿಂತ ಗಟ್ಟಿಯಾಗಿ ಹೇಳುತ್ತಾಳೆ: "ನಿನ್ನ ಚಿತ್ತದಂತೆ ನನ್ನನ್ನು ಹುಟ್ಟಿಸಿದ ದೇವರೇ, ನಿನಗೆ ಸ್ತುತಿ." ತನ್ನ ಸ್ತುತಿಗೆ ತಾನೇ ಆಮೆನ್ ಎನ್ನುವಂತಿಲ್ಲ, ಇನ್ನೊಬ್ಬರು ಎನ್ನಬೇಕು. ಕಾಯುತ್ತಾಳೆ. ಆಚೆ ಗೆಟ್ಸ್ಲ್ ಕೆಮ್ಮುತ್ತಾನೆ, ಶಿಫ್ರಾ ಪಾತ್ರೆ ಉಜ್ಜುತ್ತಾಳೆ, ಈಚೆ ಹಾಲು ಉಕ್ಕುತ್ತದೆ. ಅದನ್ನು ಒರೆಸುವಾಗ ಮಾತ್ರ, ಅವನ ಚಿತ್ತ ಎಂಬ ಮಾತು ಅವಳ ಬಾಯಿಗೆ ಬರುವುದು ತುಸು ತಡವಾಗುತ್ತದೆ.